ಕಾಡಿನ ಹುಡುಗನೂ ಕನ್ನಡದ ಮಕ್ಕಳೂ

ಹಿಂದಿನ ತಲೆಮಾರಿನ ಚಿತ್ರಕಾರರು ಕೈಯಿಂದ ಒಂದೊಂದಾಗಿ ಗೆರೆಯೆಳೆದು, ಬಣ್ಣ ತುಂಬಿ, ಮಕ್ಕಳಿಗೆಂದು ಓಡಿಸಿ ತೋರಿಸಿದ ಕಥೆಗಳನ್ನೇ ಈಗ ನಿಜವಾದ ನಟರಿಂದಲೂ, ನಿಜವೆಂಬ ಭ್ರಮೆಯನ್ನು ಹುಟ್ಟಿಸುವ ಪ್ರಾಣಿಗಳಿಂದಲೂ ಮತ್ತೆ ಮಾಡಿ ತೋರಿಸುವ ಉದ್ಯಮವು ಅಮೆರಿಕೆಯಲ್ಲಿ ಭರದಿಂದ ಸಾಗಿ ಬಂದಿರುವುದನ್ನು ವಾಚಕರು ಬಲ್ಲರು. 2015ರಲ್ಲಿ ‘ಸಿಂಡರೆಲಾ’, 2016ರಲ್ಲಿ ‘ದಿ ಜಂಗಲ್ ಬುಕ್’, 2017ರಲ್ಲಿ ‘ಬ್ಯೂಟಿ ಅಂಡ್ ದಿ ಬೀಸ್ಟ್’, 2019ರ ಒಂದೇ ವರ್ಷದಲ್ಲಿ ‘ಡಂಬೋ’, ‘ಅಲ್ಲಾದೀನ್’, ‘ದಿ ಲಯನ್ ಕಿಂಗ್’, 2023ರಲ್ಲಿ ‘ದಿ ಲಿಟಲ್ ಮರ್ಮೇಡ್’, 2025ರಲ್ಲಿ ‘ಸ್ನೋ ವೈಟ್’. ಒಂದೊಂದು ಚಿತ್ರವು ತೆರೆಗೆ ಬಂದಾಗಲೂ ಅದರ ಹಿಂದೆಯೇ ಒಂದು ಕೂಗು ಎದ್ದಿತು. ಹಳೆಯದರಲ್ಲಿದ್ದ ಜೀವವು ಹೊಸದರಲ್ಲಿಲ್ಲವೆಂದು ದೊಡ್ಡವರು ದೂರಿದರು. ನಾಯಕಿಯ ಮೈಬಣ್ಣವು ತಮ್ಮ ನೆನಪಿನ ಬಣ್ಣವಲ್ಲವೆಂದು ಕೆಲವರು ನಾಚಿಕೆಯಿಲ್ಲದೆ ಗದ್ದಲವೆಬ್ಬಿಸಿದರು. ಹೀಗೆ ಬೈದವರಲ್ಲಿ ಅನೇಕರು ಮಕ್ಕಳನ್ನು ಕರೆದುಕೊಂಡು ಹೋಗಿ ಚಿತ್ರವನ್ನು ನೋಡಿಯೂ ಬಂದರು. ಇಲ್ಲದಿದ್ದರೆ ‘ದಿ ಲಯನ್ ಕಿಂಗ್’ ಒಂದೇ ಲೋಕದಲ್ಲೆಲ್ಲ 160 ಕೋಟಿ ಡಾಲರುಗಳಿಗೆ ಮೀರಿ ಗಳಿಸುತ್ತಿರಲಿಲ್ಲ.

ಅವರ ಜಗಳ ಅವರದು, ನಮಗೇನು ಎಂದು ಕೇಳುವವರುಂಟು. ಆದರೆ ಈ ಚಿತ್ರಗಳು ನ್ಯೂಯಾರ್ಕಿನಲ್ಲಿ ಓಡುವಂತೆಯೇ ಪೀಣ್ಯದ ಸಮೀಪದಲ್ಲಿಯೂ ಓಡುತ್ತವೆ. ಪೀಣ್ಯದ ಪ್ರೇಕ್ಷಕನಿಗೂ ಒಂದು ದೂರು ಉಂಟು. ಅದು ನ್ಯೂಯಾರ್ಕಿನವನ ದೂರಲ್ಲ. ಅದನ್ನು ಇದುವರೆಗೆ ಕೇಳಬೇಕಾದವರು ಕೇಳಿಲ್ಲವೆಂದು ನಮ್ಮ ಅಭಿಪ್ರಾಯ.

ಪೀಣ್ಯವೆಂದರೆ ಬೆಂಗಳೂರಿನ ಒಳಭಾಗದವರಿಗೆ ಹೊಗೆ, ಲಾರಿ, ತುಮಕೂರು ರಸ್ತೆಯ ಮೇಲ್ಸೇತುವೆ. ಬಲ್ಲವರಿಗೆ ಅದು ಏಷ್ಯಾ ಖಂಡದ ಬಹು ದೊಡ್ಡ ಕೈಗಾರಿಕಾ ಬಡಾವಣೆಗಳಲ್ಲೊಂದು. ಲೇತ್ ತಿರುಗಿಸುವವರು, ಡೈ ಕೊರೆಯುವವರು, ಎರಕ ಹೊಯ್ಯುವವರು, ಸಿದ್ಧ ಉಡುಪು ಹೊಲಿಯುವ ಹೆಣ್ಣುಮಕ್ಕಳು ಇವರೆಲ್ಲರ ಊರು. ತುಮಕೂರು, ಹಾಸನ, ರಾಯಚೂರು, ಕಲಬುರಗಿಗಳಿಂದ ಬಂದವರೂ, ತಮಿಳುನಾಡು, ಆಂಧ್ರ, ಬಿಹಾರ, ಒಡಿಶಾಗಳಿಂದ ಬಂದವರೂ ಇಲ್ಲಿ ಒಂದೇ ವಠಾರದಲ್ಲಿ ಬಾಳುತ್ತಾರೆ. 2014ರ ಮಾರ್ಚಿಯಲ್ಲಿ ಮೆಟ್ರೋ ರೈಲು ಪೀಣ್ಯವನ್ನು ಮುಟ್ಟಿದ ಮೇಲೆ ಪೇಟೆಯು ಹತ್ತಿರವಾಯಿತು. ಜಾಲಹಳ್ಳಿ ಕ್ರಾಸಿನಲ್ಲಿ ಮಾಲೂ ಅದರೊಳಗೆ ಚಿತ್ರಮಂದಿರಗಳೂ ಆದವು. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೊರಡುವ ಕಾರ್ಮಿಕನು ಲಾಲ್‌ಬಾಗಿಗೆ ಹೋಗುವಷ್ಟೇ ಸಹಜವಾಗಿ ಅಲ್ಲಿಗೂ ಹೋಗುತ್ತಾನೆ. ಟಿಕೇಟಿನ ದರವು ಅವನ ಕೈಗೆಟಕುವಂತಿದೆಯೇ ಎಂಬುದು ಬೇರೆ ಪ್ರಶ್ನೆ. 200 ರೂಪಾಯಿಗಳ ಮಿತಿಯನ್ನು ಸರ್ಕಾರದವರು 2025ರ ಸೆಪ್ಟೆಂಬರಿನಲ್ಲಿ ವಿಧಿಸಿದರು, ಅದೇ ತಿಂಗಳಿನಲ್ಲಿ ಉಚ್ಚ ನ್ಯಾಯಾಲಯವು ಅದಕ್ಕೆ ತಡೆ ಕೊಟ್ಟಿತು. ಅದನ್ನು ಇನ್ನೊಮ್ಮೆ ವಿಚಾರಿಸೋಣ.

ಮೊದಲು ಅಮೆರಿಕೆಯವರ ದೂರಿನಲ್ಲಿ ನ್ಯಾಯವಿದೆಯೇ ಎಂದು ನೋಡುವುದು ಯುಕ್ತ. 1994ರ ‘ಲಯನ್ ಕಿಂಗ್’ ಗೆರೆಚಿತ್ರವಾಗಿತ್ತು. ಅದರ ಸಿಂಹಕ್ಕೆ ಹುಬ್ಬಿತ್ತು, ಹುಬ್ಬು ಕುಣಿಯುತ್ತಿತ್ತು, ತಂದೆಯು ಸತ್ತಾಗ ಮರಿಯ ಮುಖವು ಮನುಷ್ಯನ ಮಗುವಿನ ಮುಖದಂತೆ ಕುಗ್ಗುತ್ತಿತ್ತು. 2019ರ ಚಿತ್ರದಲ್ಲಿ ಆ ಸಿಂಹವನ್ನು ಕಾಡಿನ ಸಿಂಹದಂತೆಯೇ ಮಾಡಿದರು. ಅದರಲ್ಲಿ ಕ್ಯಾಮರಾದಿಂದ ನಿಜವಾಗಿ ತೆಗೆದ ನೋಟವು ಒಂದೇ ಒಂದು, ಆರಂಭದ ಸೂರ್ಯೋದಯ. ಮಿಕ್ಕದ್ದೆಲ್ಲವೂ ಗಣಕಯಂತ್ರದ ಸೃಷ್ಟಿ. ಆದರೂ ಕೂದಲು ಕೂದಲೂ ನಿಜವೆಂಬಂತಿತ್ತು. ನಿಜವಾದ ಸಿಂಹವು ನಗುವುದಿಲ್ಲ, ಅಳುವುದಿಲ್ಲ. ಆದಕಾರಣ ತೆರೆಯ ಮೇಲಿನ ಸಿಂಹವೂ ನಗಲಿಲ್ಲ, ಅಳಲಿಲ್ಲ; ಮಾತು ಮಾತ್ರ ಎಲ್ಲಿಂದಲೋ ಕೇಳಿಬಂದಿತು. ಪ್ರೇಕ್ಷಕರು ಬೇಸರಪಟ್ಟುದು ಇದಕ್ಕೆ. ಪೀಣ್ಯದ ಕುಶಲಕರ್ಮಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಡ್ರಾಯಿಂಗಿನಲ್ಲಿ ಕಂಡ ಗೆರೆಯೆಲ್ಲವೂ ಉಕ್ಕಿನಲ್ಲಿ ಬರುವುದಿಲ್ಲವೆಂಬುದನ್ನು ಅವನು ದಿನವೂ ಕಾಣುತ್ತಾನೆ.

ನಮ್ಮ ನಾಡಿನ ಪ್ರೇಕ್ಷಕನಿಗಂತೂ ಈ ವಿಚಾರವು ಹೊಸದಲ್ಲ. ಯಕ್ಷಗಾನದಲ್ಲಿ ನರಸಿಂಹನು ರಂಗಕ್ಕೆ ಬಂದಾಗ ನಿಜವಾದ ಸಿಂಹವನ್ನು ಏಕೆ ತರಲಿಲ್ಲವೆಂದು ಯಾರೂ ಕೇಳಿದ್ದಿಲ್ಲ. ತೊಗಲುಗೊಂಬೆಯ ರಾವಣನು ಅಡ್ಡಮುಖವಾಗಿಯೇ ನಿಂತು ರಾತ್ರಿಯೆಲ್ಲ ಗುಡುಗುತ್ತಾನೆ, ಮಕ್ಕಳು ನಡುಗುತ್ತಾರೆ. ವೇಷವು ವೇಷವೆಂದು ತಿಳಿದಿರುವುದರಿಂದಲೇ ಅದರ ಹಿಂದಿನ ಭಾವವು ನಮ್ಮನ್ನು ಮುಟ್ಟುವುದು. ಗೆರೆಚಿತ್ರವೂ ಇದೇ ಜಾತಿಗೆ ಸೇರಿದ ಕಲೆ. ಅದರ ವೇಷವನ್ನು ಕಳಚಿ ನಿಜವನ್ನು ತೊಡಿಸುವವರು ಏನನ್ನು ಕಳೆದುಕೊಳ್ಳುತ್ತೇವೆಂಬುದನ್ನು ಅರಿತು ಮಾಡಬೇಕು. ನಿಜವು ಹೆಚ್ಚಾದರೆ ಭಯವೂ ಹೆಚ್ಚುತ್ತದೆ. 2016ರ ‘ಜಂಗಲ್ ಬುಕ್’ ಚಿತ್ರಕ್ಕೆ ನಮ್ಮ ಕೇಂದ್ರ ಸೆನ್ಸಾರ್ ಮಂಡಳಿಯವರು ಮಕ್ಕಳು ಬೆದರಿಯಾರೆಂದು ‘ಯು/ಎ’ ಪತ್ರವನ್ನು ಕೊಟ್ಟರು. ದೇಶವೆಲ್ಲ ನಕ್ಕಿತು. ಹುಲಿಯು ಮೈಮೇಲೆ ಎಗರುವಂತೆ ಕಾಣುವ ಆ ಚಿತ್ರದ ಮುಂದೆ ಐದು ವರ್ಷದ ಮಗುವನ್ನು ಕೂರಿಸಿದ ತಾಯಂದಿರೆಲ್ಲರೂ ನಕ್ಕರೆಂದು ನಾವು ಹೇಳಲಾರೆವು.

ಈ ‘ಜಂಗಲ್ ಬುಕ್’ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅಗತ್ಯ. ಏಕೆಂದರೆ ಇದರಲ್ಲಿ ಕರ್ನಾಟಕದ ಪಾಲು ನಮ್ಮವರಲ್ಲಿ ಅನೇಕರು ಎಣಿಸಿರುವುದಕ್ಕಿಂತ ದೊಡ್ಡದು. ಕಿಪ್ಲಿಂಗನು ಈ ಕಥೆಗಳನ್ನು ಪುಸ್ತಕವಾಗಿ ಹೊರತಂದುದು 1894ರಲ್ಲಿ. ಆತನು ಸಾಮ್ರಾಜ್ಯದ ಭಕ್ತನೆಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ತೋಳಗಳ ನಡುವೆ ಬೆಳೆದ ಆತನ ಹುಡುಗನು ನಮ್ಮ ದೇಶದ ಹುಡುಗ. ವಾಲ್ಟ್ ಡಿಸ್ನಿಯ ಗೆರೆಚಿತ್ರವು ಬಂದುದು 1967ರಲ್ಲಿ. ಡಿಸ್ನಿಯು ಅದಕ್ಕೆ ಹಿಂದಿನ ವರ್ಷದ ಡಿಸೆಂಬರಿನಲ್ಲಿಯೇ ತೀರಿಕೊಂಡಿದ್ದನು. ಈಗಿನವರು ಮೂಲವೆಂದು ಹಿಡಿದು ಅಳೆಯುವುದು ಈ ಚಿತ್ರವನ್ನು. ಅದಕ್ಕೂ 25 ವರ್ಷ ಮೊದಲೇ, 1942ರಲ್ಲಿ, ಜೋಲ್ಟಾನ್ ಕೊರ್ಡಾ ಎಂಬ ನಿರ್ದೇಶಕನು ಇದೇ ಕಥೆಯನ್ನು ಜೀವಂತ ನಟರಿಂದ ಆಡಿಸಿ ವಾಕ್ಚಿತ್ರವನ್ನು ತೆಗೆದಿದ್ದನು. ಅದರಲ್ಲಿ ಮೋಗ್ಲಿಯಾದವನು ಯಾರು? ಮೈಸೂರು ಸೀಮೆಯ ಕಾರಾಪುರದ ಸಾಬು.

ಸಾಬು 1924ರಲ್ಲಿ ಹುಟ್ಟಿದನು. ತಂದೆಯು ಮೈಸೂರು ಮಹಾರಾಜರ ಆನೆಗಳ ಮಾವುತ. ತಂದೆಯು ತೀರಿಹೋದ ಬಳಿಕ ಹುಡುಗನು ಆನೆಲಾಯದಲ್ಲಿಯೇ ಬೆಳೆದನು. ಕಿಪ್ಲಿಂಗನ ಮತ್ತೊಂದು ಕಥೆಯನ್ನು ಚಿತ್ರಿಸಲು ರಾಬರ್ಟ್ ಫ್ಲಾಹರ್ಟಿ ಎಂಬ ಪ್ರಸಿದ್ಧ ಚಿತ್ರಕಾರನು ಮೈಸೂರಿಗೆ ಬಂದಾಗ ಈ ಹುಡುಗನು ಕಣ್ಣಿಗೆ ಬಿದ್ದನು. 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಸಾಬುವಿನ ಹೆಸರು ಲೋಕಪ್ರಸಿದ್ಧವಾಯಿತು. ಅದರ ನಿರ್ದೇಶನಕ್ಕೆ ಅದೇ ವರ್ಷ ವೆನಿಸ್ಸಿನಲ್ಲಿ ಬಹುಮಾನವು ಬಂದಿತು. ಮುಂದೆ ಆತನು ಅಮೆರಿಕೆಯ ಪ್ರಜೆಯಾಗಿ, ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಬಾಲದಲ್ಲಿ ಕುಳಿತು ಬಂದೂಕು ಹಿಡಿದು, ಶೌರ್ಯಪದಕವನ್ನು ಪಡೆದು, 1963ರಲ್ಲಿ 39ನೆಯ ವಯಸ್ಸಿನಲ್ಲಿ ತೀರಿಕೊಂಡನು. ಕಬಿನಿಯ ಕಾಡಿನ ಅಂಚಿನಿಂದ ಹೊರಟ ಹುಡುಗನೊಬ್ಬನು ಲೋಕದ ಮಕ್ಕಳಿಗೆಲ್ಲ ಮೋಗ್ಲಿಯಾಗಿ ಕಂಡನೆಂಬುದನ್ನು ನಮ್ಮ ಶಾಲೆಯ ಪುಸ್ತಕಗಳಲ್ಲಿ ಒಂದು ಪಾಠವಾಗಿ ಇಟ್ಟರೆ ತಪ್ಪಾಗಲಾರದು. ನಿಜನಟರ ಚಿತ್ರವು ಗೆರೆಚಿತ್ರದ ನಕಲೆಂದು ಸಾರುವವರಿಗೂ ಇದು ಉತ್ತರವಾದೀತು. ಈ ಕಥೆಯ ಮಟ್ಟಿಗೆ ಮೊದಲು ಬಂದವನು ಮನುಷ್ಯ, ಗೆರೆಯು ಆಮೇಲೆ ಬಂದಿತು.

1942ರ ಆ ಚಿತ್ರವನ್ನು ತೆಗೆದುದು ‘ಟೆಕ್ನಿಕಲರ್’ ಎಂಬ ಬಣ್ಣದ ವಿಧಾನದಲ್ಲಿ. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. 2016ರಲ್ಲಿ ಜಾನ್ ಫಾವ್ರೋ ಎಂಬವರು ‘ಜಂಗಲ್ ಬುಕ್’ ಚಿತ್ರವನ್ನು ಮತ್ತೆ ಮಾಡಿದಾಗ ಅದರಲ್ಲಿ ಮೈಮಾಂಸಗಳಿಂದ ತೆರೆಯ ಮೇಲೆ ನಿಂತವನು ಬಹುಮಟ್ಟಿಗೆ ನೀಲ್ ಸೇಠಿ ಎಂಬ ಬಾಲಕನೊಬ್ಬನೇ. ಭಾರತೀಯ ತಾಯ್ತಂದೆಗಳಿಗೆ ನ್ಯೂಯಾರ್ಕಿನಲ್ಲಿ ಹುಟ್ಟಿದ ಹುಡುಗ. ಕಾಡೂ ಕರಡಿಯೂ ಹುಲಿಯೂ ಗಣಕಯಂತ್ರದಲ್ಲಿ ಹುಟ್ಟಿದವು. ನಮ್ಮ ದೇಶದ ಕಾಡುಗಳ ಸಾವಿರಾರು ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಆ ಕೆಲಸವು ನಡೆಯಿತು. ಅದರ ಬಹುಭಾಗವನ್ನು ಮಾಡಿದ ‘ಎಂ.ಪಿ.ಸಿ.’ ಎಂಬ ಸಂಸ್ಥೆಯು ಟೆಕ್ನಿಕಲರ್ ಬಳಗಕ್ಕೆ ಸೇರಿದ್ದಿತು. ಅದರ ಒಂದು ದೊಡ್ಡ ಶಾಖೆಯು ಬೆಂಗಳೂರಿನಲ್ಲಿದ್ದಿತು. ಬಾಲುವಿನ ಕೂದಲನ್ನೂ ಶೇರ್‌ಖಾನನ ನಡಿಗೆಯನ್ನೂ ಮಾಡಿದ ನೂರಾರು ಕೈಗಳಲ್ಲಿ ನಮ್ಮ ನಗರದ ತರುಣರ ಕೈಗಳೂ ಇದ್ದವು. ಮುಂದಿನ ವರ್ಷ ಆ ಚಿತ್ರಕ್ಕೆ ದೃಶ್ಯಚಮತ್ಕಾರದ ಆಸ್ಕರ್ ಬಹುಮಾನವು ಬಂದಿತು. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಬಳಗವು ಕುಸಿದುಬಿದ್ದು, ಬೆಂಗಳೂರಿನ ಶಾಖೆಗಳೂ ಬಾಗಿಲು ಮುಚ್ಚಿ, ಸಾವಿರಾರು ಜನ ನುರಿತ ಕೆಲಸಗಾರರು ಒಮ್ಮೆಲೇ ಬೀದಿಗೆ ಬಿದ್ದರು. ಕಾರ್ಖಾನೆಯ ಲಾಕೌಟನ್ನು ಕಂಡರಿತ ಪೀಣ್ಯದವರು ಈ ಸುದ್ದಿಯನ್ನು ಓದಿ ಮರುಗಿದರೆ ಆಶ್ಚರ್ಯವಿಲ್ಲ. ಕೆಲಸದ ಬಗೆ ಬೇರೆ, ಬಾಗಿಲಿಗೆ ಬೀಳುವ ಬೀಗವು ಒಂದೇ.

ಇರಲಿ. ಈ ಚಿತ್ರವು ಅಮೆರಿಕೆಗಿಂತ ಒಂದು ವಾರ ಮುಂಚಿತವಾಗಿ, 2016ರ ಏಪ್ರಿಲ್ 8ರಂದು, ಭಾರತದಲ್ಲಿ ತೆರೆಕಂಡಿತು. ಅದುವರೆಗೆ ನಮ್ಮ ದೇಶದಲ್ಲಿ ಓಡಿದ ಹಾಲಿವುಡ್ ಚಿತ್ರಗಳೆಲ್ಲಕ್ಕಿಂತ ಹೆಚ್ಚಿನ ಹಣವನ್ನು ಗಳಿಸಿತು. ಅಮೆರಿಕೆಯ ದೊಡ್ಡವರು ಹಳೆಯ ಗೆರೆಚಿತ್ರವನ್ನು ನೆನೆದು ಹೊಸದನ್ನು ತೂಗುವಾಗ ಹಿಂದಿಯ ಸೀಮೆಯವರು ಬೇರೊಂದು ತಕ್ಕಡಿಯನ್ನು ತಂದರು. 1993ರಲ್ಲಿ ದೂರದರ್ಶನದವರು ಜಪಾನಿನ ಮೋಗ್ಲಿ ಗೆರೆಚಿತ್ರಮಾಲೆಯನ್ನು ಹಿಂದಿಯ ಮಾತು ಕೂಡಿಸಿ ಭಾನುವಾರಗಳಲ್ಲಿ ತೋರಿಸಿದ್ದರು. ಗುಲ್ಜಾರರು ಬರೆದ ಅದರ ಹಾಡು ಆ ಕಾಲದ ಮಕ್ಕಳ ಬಾಯಲ್ಲಿ ನಿಂತುಬಿಟ್ಟಿತ್ತು. ನಾನಾ ಪಾಟೇಕರರು ಶೇರ್‌ಖಾನನಾಗಿ ಗದರಿದ್ದರು. ಚಿತ್ರವನ್ನು ಹಂಚುವವರು ಜಾಣರು. 2016ರಲ್ಲಿಯೂ ಹಿಂದಿಯ ಹುಲಿಗೆ ಅದೇ ಪಾಟೇಕರರ ಧ್ವನಿಯನ್ನು ಕೊಡಿಸಿದರು, ಹಾಡನ್ನು ಹೊಸದಾಗಿ ಹಾಡಿಸಿ ಪ್ರಚಾರಕ್ಕೆ ಬಳಸಿದರು. ಹಿಂದಿಯ ತಂದೆಯು ತನ್ನ ಬಾಲ್ಯದ ಹುಲಿಯ ಧ್ವನಿಯನ್ನು ಮಗನಿಗೆ ಕೇಳಿಸಿ ಹಿಗ್ಗಿದನು. ಹುಲಿಯ ಮೈ ಬದಲಾದುದನ್ನು ಅವನು ಲೆಕ್ಕಿಸಲಿಲ್ಲ. ಪ್ರೇಕ್ಷಕರ ಮೆಚ್ಚುಗೆಯನ್ನೂ ಅಸಮಾಧಾನವನ್ನೂ ಕುರಿತು ನಡೆಯುವ ಚರ್ಚೆಗಳೆಲ್ಲ ರೂಪವನ್ನೇ ಹಿಡಿದು ನಡೆಯುತ್ತವೆ. ಮಗುವಿನ ಮನಸ್ಸಿನಲ್ಲಿ ಉಳಿಯುವುದು ಧ್ವನಿ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಈಗ ಪೀಣ್ಯದ ದೂರಿಗೆ ಬರೋಣ. ಆ ಚಿತ್ರವು ಬಂದುದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಭಾಷೆಗಳಲ್ಲಿ. ಕನ್ನಡದಲ್ಲಿ ಬರಲಿಲ್ಲ. 2019ರ ‘ಲಯನ್ ಕಿಂಗ್’ ಅದೇ ನಾಲ್ಕು ಭಾಷೆಗಳಲ್ಲಿ ಬಂದಿತು. 2024ರ ‘ಮುಫಾಸಾ’ ಚಿತ್ರದಲ್ಲಿ ಹಿಂದಿಯ ಸಿಂಹವು ಶಾರುಖ್ ಖಾನರ ಧ್ವನಿಯಲ್ಲಿಯೂ ತೆಲುಗಿನ ಸಿಂಹವು ಮಹೇಶ್ ಬಾಬುವಿನ ಧ್ವನಿಯಲ್ಲಿಯೂ ಮಾತನಾಡಿದವು; ಕನ್ನಡದ ಸಿಂಹವು ಆಗಲೂ ಮೂಕ. ಇದರ ಅರ್ಥವನ್ನು ಪೀಣ್ಯದಲ್ಲಿ ನಿಂತು ನೋಡಬೇಕು. ಒಂದೇ ವಠಾರದ ಬಿಹಾರದ ಮಗುವಿಗೆ ಅದರ ಮನೆಮಾತಿಗೆ ಹತ್ತಿರವಾದ ಹಿಂದಿಯಲ್ಲಿ ಚಿತ್ರವುಂಟು. ಸೇಲಮ್ಮಿನಿಂದ ಬಂದ ಮಗುವಿಗೆ ತಮಿಳಿನಲ್ಲಿ ಉಂಟು, ಅನಂತಪುರದ ಮಗುವಿಗೆ ತೆಲುಗಿನಲ್ಲಿ ಉಂಟು. ಕನ್ನಡನಾಡಿನ ರಾಜಧಾನಿಯಲ್ಲಿ ತನ್ನ ಮಾತಿನಲ್ಲಿ ಕಥೆಯನ್ನು ಕೇಳಲಾರದ ಮಗುವು ಒಂದೇ, ಅದು ಕನ್ನಡದ ಮಗು.

ಸಿರಾ ಕಡೆಯಿಂದ ಬಂದು ಫೌಂಡ್ರಿಯಲ್ಲಿ ದುಡಿಯುವವನೊಬ್ಬನು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಂಥ ಚಿತ್ರವನ್ನು ನೋಡುವುದನ್ನು ಊಹಿಸಿಕೊಳ್ಳಿರಿ. “ಅಪ್ಪಾ, ಹುಲಿ ಈಗ ಏನಂತು?” ಎಂದು ಹುಡುಗಿ ಕೇಳುತ್ತಾಳೆ. “ಸುಮ್ನಿರವ್ವಾ, ಹುಡುಗನ್ನ ಹಿಡ್ಕೊಡಿ ಅಂತೈತೆ,” ಎಂದು ಅವನು ಪಿಸುಗುಟ್ಟುತ್ತಾನೆ. ಅವನಿಗೂ ಆ ಭಾಷೆಯು ಅರ್ಧವೇ ತಿಳಿದುದು; ಕಾರ್ಖಾನೆಯಲ್ಲಿ ಕಲಿತ ಹಿಂದಿ. ಅಪ್ಪನು ಒಂದು ಮಾತನ್ನು ಹೇಳುವಷ್ಟರಲ್ಲಿ ತೆರೆಯ ಮೇಲೆ ನಾಲ್ಕು ಮಾತುಗಳು ಕಳೆದುಹೋಗುತ್ತವೆ. ಉಳಿದವರು ನಕ್ಕಾಗ ಮಗುವೂ ನಗುತ್ತದೆ, ಏಕೆಂದು ತಿಳಿಯದೆ. ಈ ಪ್ರೇಕ್ಷಕರ ಅಭಿಪ್ರಾಯವು ಯಾವ ವಿಮರ್ಶಕನ ಲೆಕ್ಕಕ್ಕೂ ಬಂದುದಿಲ್ಲ.

ಬೆಂಗಳೂರಿನ ಮಕ್ಕಳೆಲ್ಲರೂ ಇಂಗ್ಲಿಷ್ ಶಾಲೆಗೆ ಹೋಗುತ್ತಾರಲ್ಲವೇ ಎಂದು ಕೆಲವು ಮಹನೀಯರು ಕೇಳುವುದುಂಟು. ಅವರು ದಾಸರಹಳ್ಳಿಯ ಸರ್ಕಾರಿ ಶಾಲೆಯ ಬಾಗಿಲಲ್ಲಿ ಒಂದು ಬೆಳಿಗ್ಗೆ ನಿಂತು ನೋಡಲಿ. ಇಂಗ್ಲಿಷ್ ಶಾಲೆಯ ಮಗುವಾದರೂ ಪಾಠವನ್ನು ಆ ಭಾಷೆಯಲ್ಲಿ ಒಪ್ಪಿಸಬಲ್ಲುದೇ ಹೊರತು ಕನಸನ್ನು ಆ ಭಾಷೆಯಲ್ಲಿ ಕಾಣುವುದೆಂದು ನಾವು ನಂಬಲಾರೆವು. ಮತ್ತೆ, ಕನ್ನಡದ ಮಗುವಿಗೆ ಕನ್ನಡದಲ್ಲಿ ಮಾತನಾಡುವ ಕಾರ್ಟೂನು ಒಗ್ಗದೆಂದು ಹೇಳುವಂತೆಯೂ ಇಲ್ಲ. 2009ರಲ್ಲಿ ಚಿಂಟು ಟಿ.ವಿ. ಎಂಬ ಮಕ್ಕಳ ವಾಹಿನಿಯು ಹುಟ್ಟಿ, ಪರದೇಶದ ಗೆರೆಚಿತ್ರಗಳಿಗೆ ಕನ್ನಡದ ಮಾತು ಕೂಡಿಸಿ ಮನೆಮನೆಗೆ ಮುಟ್ಟಿಸಿತು. ಮಕ್ಕಳು ಆ ಕನ್ನಡವನ್ನು ಎಷ್ಟು ಬೇಗ ತಮ್ಮದಾಗಿಸಿಕೊಂಡರೆಂಬುದನ್ನು ಮನೆಯಲ್ಲಿ ಮಕ್ಕಳಿದ್ದವರು ಬಲ್ಲರು. ಹೀಗಿರುವಾಗ ಮನೆಯ ಸಣ್ಣ ಪೆಟ್ಟಿಗೆಯಲ್ಲಿ ಕನ್ನಡವಾಡಿದ ಪ್ರಾಣಿಗಳು ಚಿತ್ರಮಂದಿರದ ದೊಡ್ಡ ತೆರೆಗೆ ಬಂದೊಡನೆ ಕನ್ನಡವನ್ನು ಮರೆಯುವುದೇಕೆ?

ಗೆರೆಚಿತ್ರವನ್ನು ನಿಜನಟರಿಂದ ಆಡಿಸುವ ಹುಮ್ಮಸ್ಸು ನಮ್ಮ ದೇಶಕ್ಕೂ ತಗುಲಿದೆ. ಹೈದರಾಬಾದಿನವರ ‘ಛೋಟಾ ಭೀಮ್’ 2008ರಿಂದ ದೂರದರ್ಶಕದ ಪೆಟ್ಟಿಗೆಯಲ್ಲಿ ಲಾಡು ತಿಂದು ಬೆಳೆದವನು. 2012ರ ಗೆರೆಚಿತ್ರವೊಂದರ ಕಥೆಯನ್ನೇ 2024ರಲ್ಲಿ ನಿಜವಾದ ಹುಡುಗರಿಂದ ಆಡಿಸಿದರು. ಅನುಪಮ್ ಖೇರರೂ ಅದರಲ್ಲಿ ಇದ್ದರು. ಚಿತ್ರವು ನಿಲ್ಲಲಿಲ್ಲ. ಇದಕ್ಕಿಂತ ಬೋಧಪ್ರದವಾದುದು ಇದರ ವಿಲೋಮವಾದ ಪ್ರಸಂಗ. 1983ರಲ್ಲಿ ‘ಭಕ್ತ ಪ್ರಹ್ಲಾದ’ ಚಿತ್ರವು ಬಂದಾಗ ಡಾ. ರಾಜ್‌ಕುಮಾರರು ಹಿರಣ್ಯಕಶಿಪುವಾಗಿಯೂ, ಅವರ ಮಗ, ಮುಂದೆ ಪುನೀತ್ ರಾಜ್‌ಕುಮಾರರೆಂದು ಹೆಸರಾದ ಬಾಲಕನು ಪ್ರಹ್ಲಾದನಾಗಿಯೂ ಅಭಿನಯಿಸಿದ್ದರು. 2025ರ ಜುಲೈಯಲ್ಲಿ ಅದೇ ಪುರಾಣವು ‘ಮಹಾವತಾರ ನರಸಿಂಹ’ ಎಂಬ ಗೆರೆಚಿತ್ರವಾಗಿ ಬಂದಿತು. ಬೆಂಗಳೂರಿನ ಹೊಂಬಾಳೆ ಸಂಸ್ಥೆಯವರು ಅದನ್ನು ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ತೆರೆಗೆ ತಂದರು. ಜನರು ಮಕ್ಕಳನ್ನು ಕಟ್ಟಿಕೊಂಡು ಮುಗಿಬಿದ್ದರು. ಅಮೆರಿಕೆಯಲ್ಲಿ ಮನುಷ್ಯನು ಗೆರೆಗೆ ಸಮನಾಗಲಿಲ್ಲವೆಂಬ ದೂರು. ನಮ್ಮಲ್ಲಿ ನಡುವಯಸ್ಸಿನವರು ಗೆರೆಯು ರಾಜ್‌ಕುಮಾರರಿಗೆ ಸಮನಾಗಲಿಲ್ಲವೆಂದರು. ಯಾವುದು ಮೊದಲು ಕಿವಿಗೆ ಬಿದ್ದು ಎದೆಯಲ್ಲಿ ಕುಳಿತಿತೋ ಅದೇ ಅಳತೆಗೋಲು. ಆದರೆ ಅವರ ಮಕ್ಕಳು ಕಂಬವು ಒಡೆಯುವಾಗ ಅಪ್ಪನ ತೋಳನ್ನು ಹಿಡಿದುದು ಭಯದಿಂದಲೇ ಹೊರತು, ಅರ್ಥವನ್ನು ಕೇಳುವುದಕ್ಕಲ್ಲ.

ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸುವುದಕ್ಕೆ ನಮ್ಮಲ್ಲಿ ಬಹುಕಾಲ ಅಡ್ಡಿಯಿದ್ದುದು ವಾಚಕರಿಗೆ ತಿಳಿದಿದೆ. 1960ರ ದಶಕದಲ್ಲಿ ಅ.ನ. ಕೃಷ್ಣರಾಯರು, ಮ. ರಾಮಮೂರ್ತಿಗಳು ಮೊದಲಾದ ಹಿರಿಯರೂ ರಾಜ್‌ಕುಮಾರರೂ ಡಬ್ಬಿಂಗಿನ ವಿರುದ್ಧ ನಿಂತರು. ಅವರು ನಿಂತುದು ಸಕಾರಣವಾಗಿಯೇ. ಮದರಾಸಿನ ಸ್ಟುಡಿಯೋಗಳ ನೆರಳಿನಲ್ಲಿ ಕನ್ನಡ ಚಿತ್ರವು ಆಗ ತಾನೇ ತಲೆಯೆತ್ತುತ್ತಿದ್ದಿತು. ಆಮದಾದ ಅಗ್ಗದ ಮಾತು ಅದನ್ನು ಮೊಳಕೆಯಲ್ಲಿಯೇ ಚಿವುಟಿಬಿಡುವುದೆಂಬ ಭಯವು ಸುಳ್ಳಾಗಿರಲಿಲ್ಲ. ಆ ಹೋರಾಟವನ್ನು ಇಂದು ಹಗುರಾಗಿ ಆಡುವವರೊಡನೆ ನಾವು ದನಿಗೂಡಿಸಲಾರೆವು. ಆದರೆ ಗಿಡಕ್ಕೆ ಕಟ್ಟಿದ ಬೇಲಿಯನ್ನು ಮರವಾದ ಮೇಲೂ ಕಾಯುತ್ತ ಕುಳಿತರೆ ನಷ್ಟವಾಗುವುದು ಯಾರಿಗೆ ಎಂದು ಯೋಚಿಸಬೇಕಾಗಿತ್ತು. ದೊಡ್ಡವರ ಚಿತ್ರಗಳ ಮಾತು ಹೇಗೇ ಇರಲಿ, ಮಕ್ಕಳ ಚಿತ್ರಗಳಿಗಾದರೂ ಒಂದು ಬಾಗಿಲನ್ನು ತೆರೆದಿಡಬಹುದಾಗಿತ್ತು. ತೆರೆಯಲಿಲ್ಲ. ‘ಕನ್ನಡ ಗ್ರಾಹಕರ ಕೂಟ’ದವರು ಕೊಟ್ಟ ದೂರಿನ ಮೇಲೆ ಭಾರತದ ಸ್ಪರ್ಧಾ ಆಯೋಗವು 2015ರಲ್ಲಿ ಈ ಅಡ್ಡಿಯನ್ನು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತು, ಚಲನಚಿತ್ರ ವಾಣಿಜ್ಯ ಮಂಡಳಿ ಮೊದಲಾದವುಗಳಿಗೆ ದಂಡವನ್ನೂ ವಿಧಿಸಿತು.

ಅಂದರೆ 2016ರ ಏಪ್ರಿಲಿನಲ್ಲಿ ಮೋಗ್ಲಿಯು ಬೆಂಗಳೂರಿಗೆ ಬಂದಾಗ ಕಾಯಿದೆಯ ಅಡ್ಡಿಯು ಯಾವುದೂ ಇರಲಿಲ್ಲ. ಇದ್ದುದು ಅಭ್ಯಾಸ, ಅಂಜಿಕೆ, ಉದಾಸೀನ. ಕನ್ನಡಿಗನು ಹೇಗೂ ಹಿಂದಿಯಲ್ಲಿಯೋ ತೆಲುಗಿನಲ್ಲಿಯೋ ನೋಡುತ್ತಾನೆ, ಹಣವು ಹೇಗೂ ಬರುತ್ತದೆ ಎಂಬುದು ಮುಂಬಯಿಯ ಹಂಚಿಕೆದಾರರ ಎಣಿಕೆ. ಈ ಎಣಿಕೆಯನ್ನು ನಿಜವಾಗಿಸಿದವರು ನಾವೇ ಅಲ್ಲವೇ? 2022ರಲ್ಲಿ ‘ಅವತಾರ್’ ಚಿತ್ರದ ಎರಡನೆಯ ಭಾಗವು ಕನ್ನಡದಲ್ಲಿಯೂ ಬಂದಿತು. ಆಕಾಶವು ಕಳಚಿ ಬೀಳಲಿಲ್ಲ. ಅದಕ್ಕೆ ಮೊದಲೇ, 2018ರಲ್ಲಿ ‘ಕೆ.ಜಿ.ಎಫ್.’, 2022ರಲ್ಲಿಯೇ ‘ಕಾಂತಾರ’ ಚಿತ್ರಗಳು ಕನ್ನಡದಲ್ಲಿ ಹುಟ್ಟಿ, ಹಿಂದಿ ತೆಲುಗು ತಮಿಳುಗಳ ಮಾತನ್ನು ತೊಟ್ಟು, ದೇಶವನ್ನೆಲ್ಲ ಸುತ್ತಿ ಬಂದಿದ್ದವು. ನಮ್ಮ ಸರಕನ್ನು ಹೊರನಾಡಿಗೆ ಆ ದಾರಿಯಲ್ಲಿಯೇ ಕಳುಹಿಸಿ ಲಾಭವನ್ನು ಎಣಿಸುವ ಉದ್ಯಮವು, ಅದೇ ದಾರಿಯಲ್ಲಿ ಒಳಗೆ ಬರುವ ಒಂದು ಕರಡಿಯನ್ನೂ ಒಂದು ಹುಲಿಮರಿಯನ್ನೂ ತಡೆಯುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ.

ಆದರೆ ಕನ್ನಡದ ಮಾತು ಕೂಡಿಸಿದರೆ ಸಾಕೆಂದು ನಾವು ಹೇಳುವುದಿಲ್ಲ. ಈಗ ಕೇಳಿಬರುವ ಭಾಷಾಂತರಗಳಲ್ಲಿ ಕೆಲವು ಪದಕ್ಕೆ ಪದವನ್ನಿಟ್ಟ ನಿರ್ಜೀವವಾದ ಕನ್ನಡ. ತುಟಿಯ ಚಲನೆಗೆ ಮಾತನ್ನು ಹೊಂದಿಸುವ ಭರದಲ್ಲಿ ವಾಕ್ಯದ ಬೆನ್ನು ಮುರಿದಿರುತ್ತದೆ. ಪಂಜೆ ಮಂಗೇಶರಾಯರೂ ಜಿ.ಪಿ. ರಾಜರತ್ನಂ ಅವರೂ ಮಕ್ಕಳಿಗಾಗಿ ಹದಗೊಳಿಸಿ ಕೊಟ್ಟ ಭಾಷೆಯೊಂದು ನಮ್ಮಲ್ಲಿದೆ. ಆ ಸಂಪ್ರದಾಯದಲ್ಲಿ ಬರೆಯಬಲ್ಲ ಲೇಖಕರು ಇಂದಿಗೂ ಇದ್ದಾರೆ. ಹುಲಿಗೆ ಕಂಠವಾಗಬಲ್ಲ ನಟರಿಗೆ ನಮ್ಮ ರಂಗಭೂಮಿಯಲ್ಲಿ ಬರವಿಲ್ಲ. ಮಾತು ಬರೆಯುವ ಕೆಲಸವನ್ನು ಅಂಥವರಿಗೆ ವಹಿಸಬೇಕು. ಕನ್ನಡದ ಮಕ್ಕಳ ಚಿತ್ರಗಳಿಗೆ ಸಹಾಯಧನ ಕೊಡುವ ಸರ್ಕಾರದವರು, ಮಕ್ಕಳ ಚಿತ್ರಗಳಿಗೆ ಒಳ್ಳೆಯ ಕನ್ನಡದ ಮಾತನ್ನು ಬರೆಸುವುದಕ್ಕೂ ಒಂದಿಷ್ಟು ಹಣವನ್ನು ತೆಗೆದಿಡುವುದು ಸಾಧ್ಯವೇ ಎಂದು ಆಲೋಚಿಸಲಿ. ಚಲನಚಿತ್ರ ಅಕಾಡೆಮಿಯವರು ಅದಕ್ಕೆ ಬೇಕಾದ ಲೇಖಕರನ್ನು ಗೊತ್ತುಮಾಡಿಕೊಡಬಹುದು. 2025ರಲ್ಲಿ ಕೆಲಸ ಕಳೆದುಕೊಂಡ ಬೆಂಗಳೂರಿನ ಗೆರೆಗಾರರ ವಿಷಯವೂ ಇದರೊಡನೆಯೇ ವಿಚಾರಕ್ಕೆ ಬರಬೇಕು. ಪರರ ಸಿಂಹಕ್ಕೆ ಕೂದಲನ್ನು ನೆಟ್ಟ ಕೈಗಳು ಪುಣ್ಯಕೋಟಿಯ ಹುಲಿಯನ್ನು ಮಾಡಲಾರವೇ?

ಚಿತ್ರಮಂದಿರಗಳ ಒಡೆಯರಲ್ಲಿಯೂ ಒಂದು ಮಾತು. ಕನ್ನಡದ ಪ್ರತಿಯು ಬಂದರೆ ಅದನ್ನು ಯಾರೂ ಬಾರದ ಬೆಳಗಿನ ಆಟಕ್ಕೆ ಹಾಕಿ, ಜನ ಬರಲಿಲ್ಲವೆಂದು ಮೂರನೆಯ ದಿನ ಎತ್ತಿಬಿಡಬಾರದು. ಭಾನುವಾರದ ಸಂಜೆಯ ಆಟವನ್ನು ಅದಕ್ಕೆ ಕೊಡಲಿ. ಪೀಣ್ಯದ ಬಹುಮಂದಿಗೆ ಸ್ನಾನವೂ ಊಟವೂ ಸಂತೆಯೂ ಮುಗಿದು ಮಕ್ಕಳ ಕೈಹಿಡಿದು ಹೊರಡುವುದಕ್ಕೆ ಬಿಡುವಾಗುವುದು ಆ ಹೊತ್ತಿಗೆ.